ನಾಲ್ಕು ಗಂಟೆಗೆ ಮುಗಿಯುವ ಸಾವು

ಆ ಭಾನುವಾರ ಏನೇನು ಕೆಡಬಹುದು ಎಂಬ ಪಟ್ಟಿಯನ್ನು ನಾನು ಹಿಂದಿನ ದಿನವೇ ಮಾಡಿಟ್ಟಿದ್ದೆ. ಮಗಳು ಹೊಸ್ತಿಲವರೆಗೆ ಬಂದು ತಿರುಗಿ ಕೋಣೆ ಸೇರಬಹುದು. ಹೊಸ್ತಿಲು ದಾಟಿದರೂ ಲಿಫ್ಟಿನಲ್ಲಿ ಮೂರನೇ ಮಹಡಿಯ ಹೆಂಗಸು ಸಿಕ್ಕಿ, "ಅರೇ, ಕಿತನೀ ದುಬಲೀ ಹೋ ಗಯೀ" ಎಂದು ಅವಳು ಸೊರಗಿದ್ದನ್ನು ಎತ್ತಿಬಿಡಬಹುದು. ನಮ್ಮ ಕಾಮೋಠೆಯ ಮಾನಸರೋವರ ಸ್ಟೇಷನ್ನಿಗೆ ಹೋದರೆ ಹಳಿ ರಿಪೇರಿಯ ಮೆಗಾಬ್ಲಾಕ್ ಎಂದು ರೈಲುಗಳೇ ಇಲ್ಲದಿರಬಹುದು. ಠಾಣೆಯ ಗುಂಪು ನೋಡಿ ಅವಳ ಉಸಿರು ಕಟ್ಟಬಹುದು. ಕಲ್ಯಾಣದಲ್ಲಿ ರೈಲ್ವೆ ಪೊಲೀಸರು ಚೀಲ ಬಿಚ್ಚಿಸಿ ಒಳಗಿನ ಖಡ್ಗಕ್ಕೆ ವಿವರಣೆ ಕೇಳಬಹುದು; ನಾನು ಯಾವ ಭಾಷೆಯಲ್ಲಿ ವಿವರಿಸಿದರೂ ಅದು ತಪ್ಪೊಪ್ಪಿಗೆಯಂತೆಯೇ ಕೇಳಿಸಬಹುದು. ಸೆಪ್ಟೆಂಬರಿನ ಕೆಸರು, ಹುಲ್ಲಿನಲ್ಲಿ ಹಾವು, ಇಲಿಜ್ವರ, ಜನರೇಟರಿನ ವೈರು. ಯಾರೋ ವಿಡಿಯೋ ಮಾಡಿ, ಅದು ಸುತ್ತಿ ಬಳಸಿ ನಮ್ಮ ಸಂಬಂಧಿಕರ ಗ್ರೂಪಿಗೇ ಬಂದು, ಮೈಸೂರಿನ ನನ್ನಣ್ಣ ಅದರ ಕೆಳಗೆ ಕೈಮುಗಿಯುವ ಚಿತ್ರ ಒತ್ತಬಹುದು. ಪಟ್ಟಿಯ ಕೊನೆಯಲ್ಲಿ ಒಂದು ಸಾಲನ್ನು ಬರೆಯದೆ ಖಾಲಿ ಬಿಟ್ಟಿದ್ದೆ. ಏಳು ತಿಂಗಳಿಂದ ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ನಾನು ವಿಮಾ ಕಂಪನಿಯವನು. ವಾಶಿಯ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಕೂತು ಬೇರೆಯವರ ಬದುಕಿನಲ್ಲಿ ಏನು ಕೆಡಬಹುದು ಎಂದು ಊಹಿಸುವುದು ನನ್ನ ಕೆಲಸ. ಏನು ಕೆಟ್ಟಿತು ಎಂದು ನೋಡುವುದು ಪಕ್ಕದ ಮೇಜಿನ ಕೆಲಸ. ಆ ಮೇಜಿನಲ್ಲಿ ಹದಿನಾಲ್ಕು ವರ್ಷ ನನ್ನ ಎಡಗಡೆ ಕೂತಿದ್ದವರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಆಫೀಸಿನ ಗೋಡೆಗೆ ಅಂಟಿಸಿದ ಹುಟ್ಟುಹಬ್ಬದ ಪಟ್ಟಿಯಿಂದ ತಮ್ಮ ಹೆಸರಿನಷ್ಟೇ ತುಂಡನ್ನು ನೀಟಾಗಿ ಕತ್ತರಿಸಿ ತೆಗೆದಿದ್ದವರು ಅವರು.

ಉಡುಪಿ ಕಡೆಯವರು. ಮದುವೆಯಾಗಿರಲಿಲ್ಲ. ತಾಯಿ ಹೋದ ಮೇಲೆ ಡೊಂಬಿವಲಿಯ ಹಳೇ ಕಟ್ಟಡವೊಂದರಲ್ಲಿ ಒಬ್ಬರೇ ಇದ್ದರು. ಸಣ್ಣ ಆಳು, ಹತ್ತಿ ಸೀರೆ, ಕೆಳಗೆ ಕ್ಯಾನ್ವಾಸ್ ಶೂ. ಕ್ಲೇಮಿನ ಫೈಲು ಬಂದರೆ ತಟ್ಟನೆ ಬಿಚ್ಚುತ್ತಿರಲಿಲ್ಲ. ಅದರ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಸುಮ್ಮನಿರುತ್ತಿದ್ದರು. ಏನು ಮೇಡಂ, ಪೂಜೆಯೇ ಎಂದು ಒಮ್ಮೆ ಕೇಳಿದೆ.

"ಒಳಗೆ ಯಾರೋ ಬಿದ್ದಿದ್ದಾರಲ್ಲ ಮಾರಾಯ್ರೆ," ಎಂದರು. "ಬಾಗಿಲು ಬಡಿಯದೆ ನುಗ್ಗುದು ಹೇಗೆ?"

ಮಳೆಗಾಲವೋ ಬೇಸಗೆಯೋ, ಅವರ ಕೈಯಲ್ಲಿ ಒಂದು ಉದ್ದನೆಯ ಕೊಡೆಚೀಲ ಇರುತ್ತಿತ್ತು. ಮಳೆ ಸುರಿದರೂ ಆ ಕೊಡೆ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ವಾಶಿಯಿಂದ ಠಾಣೆಗೆ ಹೋಗುವ ರೈಲಿನಲ್ಲಿ ಒಂದು ದಿನ ಅದು ಮೇಲಿನ ಕಂಬಿಯಿಂದ ಜಾರಿ ಒಬ್ಬ ಬೋಳುತಲೆಯವನ ಮೇಲೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ; ಪರಿಹಾರದ ಮೊತ್ತ ಕೂಡ ಮನಸ್ಸಿಗೆ ಬಂದಿತ್ತು. ಕಣ್ಣು ಬಿಟ್ಟರೆ ಕೊಡೆ ಅವನ ತಲೆಯಿಂದ ಚೆಂಡಿನಂತೆ ಪುಟಿದು ನನ್ನ ತೊಡೆಯ ಮೇಲೆ ಕೂತಿತ್ತು. ಆ ಮನುಷ್ಯ ತಲೆ ಸವರಿಕೊಂಡು, "ಲಗಾ ಹೀ ನಹೀ" ಎಂದು, ಪೆಟ್ಟಾಗದಿದ್ದಕ್ಕೆ ತುಸು ಬೇಸರಗೊಂಡವನಂತೆ ಕೂತ.

"ಇದೆಂಥಾ ಕೊಡೆ ಮೇಡಂ?"

"ಕೊಡೆ ಅಲ್ಲ," ಎಂದರು ಅವರು, ಚೀಲದ ದಾರ ಬಿಗಿಯುತ್ತ. "ಖಡ್ಗ."

ಹಾಗೆ ಗೊತ್ತಾಯಿತು. ಠಾಣೆ, ಡೊಂಬಿವಲಿ, ಕಲ್ಯಾಣದ ಹದಿನೈದು ಇಪ್ಪತ್ತು ಹುಡುಗ ಹುಡುಗಿಯರು ಭಾನುವಾರ ಒಂದು ಕಡೆ ಸೇರಿ ಇಲ್ಲದ ರಾಜ್ಯವೊಂದರ ಪ್ರಜೆಗಳಾಗುತ್ತಿದ್ದರು. ಒಬ್ಬ ಮಾಟಗಾರ, ಒಬ್ಬಳು ಬೇಟೆಗಾತಿ, ಉಳಿದವರು ಸೈನಿಕರು. ಬಾಯಿಪಾಠದ ಮಾತಿಲ್ಲ, ರಂಗವಿಲ್ಲ, ಟಿಕೆಟ್ಟಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪ್ರತಿಯೊಬ್ಬರೂ ತಮ್ಮ ಪಾತ್ರವಾಗಿ ಮಾತಾಡಬೇಕು, ನಡೆಯಬೇಕು, ಹಸಿಯಬೇಕು, ಸ್ಪಂಜಿನ ಖಡ್ಗದಲ್ಲಿ ಹೊಡೆದಾಡಬೇಕು. ಹುಡುಗರು ಇದಕ್ಕೆ ಲಾರ್ಪ್ ಎನ್ನುತ್ತಿದ್ದರು. ಇವರು 'ನಮ್ಮ ಯುದ್ಧ' ಎನ್ನುತ್ತಿದ್ದರು.

"ನಾಟಕದ ಹಾಗಾ?" ಎಂದೆ.

"ನಾಟಕಕ್ಕೆ ನೋಡುವವರು ಬೇಕು. ಇಲ್ಲಿ ನೋಡ್ಲಿಕ್ಕೆ ಒಬ್ಬರೂ ಇಲ್ಲ. ಅದೇ ಸುಖ."

ಅವರು ಇದಕ್ಕೆ ಬಿದ್ದದ್ದು ತೀರಾ ಆಫೀಸಿನ ರೀತಿಯಲ್ಲಿ. ಅವರ ಕಟ್ಟಡದ ತಾರಸಿಯಲ್ಲಿ ಈ ಹುಡುಗರು ಹೊಡೆದಾಡುವುದನ್ನು ಕಂಡು ಸೊಸೈಟಿಯ ಸೆಕ್ರೆಟರಿ ಕಂಗಾಲಾಗಿ, ವಿಮೆಯವರು ತಾನೆ ಎಂದು ಇವರನ್ನು ತಪಾಸಣೆಗೆ ಕಳಿಸಿದ್ದ. ಇವರು ಹುಡುಗರ ನಿಯಮಗಳ ಹಾಳೆ ಇಸಿದುಕೊಂಡು, ಮನೆಗೆ ಒಯ್ದು, ಕೆಂಪು ಪೆನ್ನಿನಲ್ಲಿ ಹನ್ನೊಂದು ಕಡೆ ಗುರುತು ಹಾಕಿ ಹಿಂದಿರುಗಿಸಿದರು. ಬೈಯುವುದಕ್ಕಲ್ಲ, ನಿಯಮದಲ್ಲಿ ತೂತುಗಳಿದ್ದವು, ಸತ್ತವನು ಎಷ್ಟು ಹೊತ್ತಿಗೆ ಏಳಬಹುದು ಎಂಬುದೇ ಸ್ಪಷ್ಟವಿರಲಿಲ್ಲ. ಮುಂದಿನ ಭಾನುವಾರ ಹುಡುಗರೇ ಬಂದು ಬಾಗಿಲು ತಟ್ಟಿದರು. ಅವರಿಗೆ ಬೇಕಿದ್ದದ್ದು ಜಾಗ ಕೇಳುವ ಅರ್ಜಿಗೆ ಒಬ್ಬ ಹಿರಿಯರ ಸಹಿ. ಸಿಕ್ಕಿದ್ದು ಒಬ್ಬ ಪೂರ್ಣಾವಧಿ ಸೇನಾಧಿಪತಿ. ಎಲ್ಲರಿಗೂ ಅವರು ಮಾವ್ಶಿ, ಮರಾಠಿಯ ಚಿಕ್ಕಮ್ಮ, ಆದರು.

ಜಾಗವನ್ನೂ ಅವರೇ ಹುಡುಕಿದರು. ಕಲ್ಯಾಣದಿಂದ ಮುರಬಾಡಿನ ದಾರಿಯಲ್ಲಿ ಮದುವೆಗೆ ಬಾಡಿಗೆ ಕೊಡುವ ಹುಲ್ಲುಹಾಸಿನ ಲಾನುಗಳು ಸಾಲಾಗಿವೆ. ಮುಹೂರ್ತವಿಲ್ಲದ ದಿನಗಳಲ್ಲಿ ಅವು ನಾಯಿಗಳಿಗೂ ಬೇಡ. ಇವರು ಪಂಚಾಂಗ ಹಿಡಿದು, ಮದುವೆಗೆ ಆಗದ ಭಾನುವಾರಗಳನ್ನೆಲ್ಲ ಹಸಿರು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದರು. ಎಲ್ಲರೂ ಶುಭದಿನ ಹುಡುಕುವ ಪುಸ್ತಕದಲ್ಲಿ ಅಶುಭವನ್ನು ಹುಡುಕಿ ಸಂತೋಷಪಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದರಲ್ಲೂ ಪಿತೃಪಕ್ಷವೆಂದರೆ ಅವರಿಗೆ ಹಬ್ಬ. ವಧೂವರರ ಚಿನ್ನದ ಬಣ್ಣದ ಸೋಫಾ ಪ್ಲಾಸ್ಟಿಕ್ ಹೊದ್ದು ಸಿಂಹಾಸನವಾಗುತ್ತಿತ್ತು. ನೀರಿನ ನೀಲಿ ಡ್ರಮ್ಮು ಶಾಪಗ್ರಸ್ತ ಬಾವಿ. ಜನರೇಟರಿನ ಕೋಣೆಯ ಹಿಂಭಾಗ ಯಮಲೋಕ. ಸತ್ತವರು ಅಲ್ಲಿ ಹೋಗಿ ನೂರು ಎಣಿಸಿ, ಬೇರೆ ಯಾರೋ ಆಗಿ ಹಿಂದಿರುಗಬೇಕು.

ಹೊಸ ಖಡ್ಗ ತಂದರೆ ಅದಕ್ಕೊಂದು ಪರೀಕ್ಷೆ. ಅರ್ಧ ಇಂಚಿನ ಪಿವಿಸಿ ಪೈಪಿಗೆ ಸ್ಪಂಜಿನ ಕೊಳವೆ ತೊಡಿಸಿ, ಬೆಳ್ಳಿ ಬಣ್ಣದ ಟೇಪು ಸುತ್ತಿದ ಆಯುಧ. ತುದಿಯಲ್ಲಿ ಸ್ಪಂಜು ಸಾಲದಿದ್ದರೆ ಪಕ್ಕೆಲುಬಿಗೆ ತಾಗುತ್ತದೆ. ಇವರು ಬೆನ್ನು ತಿರುಗಿಸಿ ನಿಂತು "ಹೊಡಿ" ಎನ್ನುತ್ತಿದ್ದರು. ಐವತ್ತೇಳರ ಹೆಂಗಸಿನ ಬೆನ್ನಿಗೆ ಹೊಡೆಯಲು ಹುಡುಗರು ಹಿಂಜರಿದರೆ, "ಮೆತ್ತಗೆ ಹೊಡೆದ್ರೆ ನನಗೆ ಗೊತ್ತಾಗುದು ನಿನ್ನ ಬಗ್ಗೆ. ಖಡ್ಗದ ಬಗ್ಗೆ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದರು.

ನಿಯಮಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಯಾರಿಗಾದರೂ ಅಪಾಯ ಕಂಡರೆ "ಸ್ಟ್ಯಾಚ್ಯೂ!" ಎಂದು ಕೂಗಬೇಕು, ನಾವೆಲ್ಲ ಚಿಕ್ಕವರಿದ್ದಾಗ ಆಡಿದ ಹಾಗೆಯೇ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು, ಕೂಗಿದವನು ಕಾರಣ ಹೇಳಬೇಕು. ಇನ್ನೊಂದು, ಆಟ ಸಾಕೆನಿಸಿದವರು ತಲೆಯ ಮೇಲೆ ಒಂದು ಕೈ ಇಟ್ಟುಕೊಂಡರೆ ಅವರು ಅಲ್ಲಿ ಇಲ್ಲ ಎಂದರ್ಥ. ಅವರನ್ನು ಯಾರೂ ನೋಡಬಾರದು, ಕೇಳಬಾರದು, ಏನಾಯ್ತು ಅನ್ನಬಾರದು. ಕಾಣದವರಂತೆ ಪಕ್ಕದಿಂದ ಹಾದುಹೋಗಬೇಕು.

ಈ ಎರಡನೆಯದನ್ನು ಈ ವರ್ಷ ಠಾಣೆಯ ಆಸ್ಪತ್ರೆಯಲ್ಲಿ ಕಂಡೆ. ಅಷ್ಟು ಹೊತ್ತಿಗೆ ರೋಗ ಅವರನ್ನು ಪೂರ್ತಿ ಹಿಡಿದಿತ್ತು. ನಾನು ಹಣ್ಣಿನ ಚೀಲ ಹಿಡಿದು, ದಾರಿಯುದ್ದಕ್ಕೂ ಜೋಡಿಸಿಕೊಂಡ ಮೂರು ವಾಕ್ಯಗಳನ್ನು ಬಾಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಅವರು ನನ್ನನ್ನು ನೋಡಿದರು. ಡ್ರಿಪ್ ಇಲ್ಲದ ಕೈಯನ್ನು ನಿಧಾನವಾಗಿ ಎತ್ತಿ ತಲೆಯ ಮೇಲಿಟ್ಟುಕೊಂಡರು. ತಲೆನೋವೆಂದುಕೊಂಡು ಅವರ ಅಕ್ಕನ ಮಗಳು ನರ್ಸನ್ನು ಕರೆಯಲು ಓಡಿದಳು. ನಾನು ಖಾಲಿ ಮಂಚದ ಪಕ್ಕದಿಂದ ನಡೆಯುವವನಂತೆ ಹೋಗಿ, ಕಿಟಕಿಯ ಬಳಿ ಹಣ್ಣಿಟ್ಟು, ಹೊರಬಂದೆ. ಅವರು ಬದುಕಿದ್ದಾಗ ಅವರ ಮಾತನ್ನು ನಾನು ತಕರಾರಿಲ್ಲದೆ ಕೇಳಿದ್ದು ಅದೊಂದೇ ಸಲ.

ಈಗ ನನ್ನ ಮನೆಯ ವಿಷಯ. ಮೂರು ವರ್ಷದ ಹಿಂದೆ ಮಗಳು ಇಂಜಿನಿಯರಿಂಗಿನ ಎರಡನೇ ವರ್ಷದ ಪರೀಕ್ಷೆಯ ನಡುವೆ ಎದ್ದು, ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಟ್ಟು, ಕಾಮೋಠೆಯ ನಮ್ಮ ಫ್ಲ್ಯಾಟಿಗೆ ಬಂದು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಏಳು ತಿಂಗಳು ಹೊರಗೆ ಬರಲಿಲ್ಲ. ನಾವು ಮಲಗಿದ ಮೇಲೆ ಅಡುಗೆಮನೆಗೆ ಬಂದು ಹೋದ ಗುರುತು ಮಾತ್ರ ಬೆಳಿಗ್ಗೆ ಕಾಣುತ್ತಿತ್ತು. ವಾಶಿಯ ಡಾಕ್ಟರು ವಿಡಿಯೋದಲ್ಲಿ ಮಾತಾಡಿಸಿ ಮಾತ್ರೆ ಕೊಟ್ಟರು, ನನಗೂ ನನ್ನ ಹೆಂಡತಿಗೂ ಏನೇನು ಗಮನಿಸಬೇಕೆಂದು ಹೇಳಿಕೊಟ್ಟರು. ಆ ದಿನವೇ ನಾನು ಸ್ಕ್ರೂಡ್ರೈವರ್ ತಂದು ಅವಳ ಬಾಗಿಲಿನ ಒಳ ಚಿಲಕ ಬಿಚ್ಚಿದೆ. ಅವಳು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾಲ್ಕು ಸ್ಕ್ರೂ. ನಾಲ್ಕನೆಯದು ತುಕ್ಕು ಹಿಡಿದು ಬರಲೊಲ್ಲದು. ಅಷ್ಟು ಹೊತ್ತೂ ನಾನು ಏನನ್ನು ಬಿಚ್ಚುತ್ತಿದ್ದೇನೆ, ಯಾಕೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆಮೇಲೆ ಅವಳು ನನ್ನೊಡನೆ ಬಾಯಿಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದಳು. ಪಕ್ಕದ ಕೋಣೆಯಿಂದ ವಾಟ್ಸಾಪ್ ಮಾಡುತ್ತಿದ್ದಳು: "ನೆಟ್ ಸ್ಲೋ ಹೈ." ನಾನು ಹಾಲಿನಲ್ಲಿ ಕೂತು ಅವಳ ಫ್ಯಾನಿನ ಸದ್ದು ಕೇಳುತ್ತಿದ್ದೆ. ಅದು ನಿಂತರೆ ನನ್ನ ಎದೆ ನಿಲ್ಲುತ್ತಿತ್ತು. ಹೆಚ್ಚಿನ ಸಲ ಕರೆಂಟು ಹೋಗಿರುತ್ತಿತ್ತು.

ನನ್ನ ಹೆಂಡತಿ ಹುಬ್ಬಳ್ಳಿಯವಳು, ಬಾಗಿಲ ಹೊರಗೆ ನೆಲದ ಮೇಲೆ ಕೂತು ಮೆಂತ್ಯ ಬಿಡಿಸುತ್ತ ಬಾಗಿಲಿನೊಡನೆಯೇ ಮಾತಾಡುತ್ತಿದ್ದಳು. "ಇವತ್ತ ಬಿಸಿಲ ಭಾಳ ಅದ ನೋಡವಾ. ಕೆಳಗಿನ ಬೆಕ್ಕ ಮರಿ ಹಾಕೇತಿ."

ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಫೋನಿನಲ್ಲಿ ಹೆಂಡತಿಗೆ "ಫ್ಯಾನ್ ತಿರುಗ್ತಾ ಇದ್ಯಾ?" ಎಂದು ಕೇಳಿದ್ದು ಪಕ್ಕದ ಮೇಜಿಗೆ ಕೇಳಿಸಿತು. ಅದೇ ಪ್ರಶ್ನೆ ಆ ವಾರದಲ್ಲಿ ಎಷ್ಟನೆಯ ಸಲವೋ. ಅವರು ಕುರ್ಚಿ ತಿರುಗಿಸಿ, ನನ್ನ ಮೇಜಿನ ಮೇಲೆ, ಫೈಲಿನ ಮೇಲೆ ಇಡುವಂತೆಯೇ, ಅಂಗೈ ಇಟ್ಟರು. ನಾನು ಎಲ್ಲ ಹೇಳಿದೆ. ಸಮಾಧಾನದ ಒಂದು ಮಾತೂ ಬರಲಿಲ್ಲ. "ಡಾಕ್ಟರು ಎಂಥ ಹೇಳ್ತಾರೆ?" ಎಂದರು. "ಅವಳಾಗೇ ಬರ್ತೀನಿ ಅಂದ್ರೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಅಂತಾರೆ" ಎಂದೆ. ಎರಡು ದಿನ ಬಿಟ್ಟು ಒಂದು ಮಡಿಸಿದ ಚೀಟಿ ಕೊಟ್ಟರು. ಬಾಗಿಲ ಕೆಳಗೆ ತಳ್ಳಿ, ನೀವು ಓದಬೇಡಿ ಎಂದರು. ಓದದೆ ತಳ್ಳಲು ನಾನೇನು ಅಂಚೆಯವನೇ? ಮಾನಸರೋವರ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಅವರ ದುಂಡನೆಯ ಅಕ್ಷರದಲ್ಲಿ ಹಿಂದಿಯಲ್ಲಿ ಬರೆದಿತ್ತು:

'ನೀನು ಒಂದು ಹೆಣ. ಎರಡು ಹಳ್ಳಿಗಳ ನಡುವಿನ ಬಾವಿಯ ಪಕ್ಕ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿದ್ದಿರುವುದು ನಿನ್ನ ಕೆಲಸ. ಮಾತಾಡಬೇಕಾಗಿಲ್ಲ. ಯಾರು ಏನು ಕೇಳಿದರೂ ಉತ್ತರ ಕೊಡಬೇಕಾಗಿಲ್ಲ. ಚಾಪೆ ನಾವು ಕೊಡುತ್ತೇವೆ. ಊಟಕ್ಕೆ ಅರ್ಧ ಗಂಟೆ ಬಿಡುವು.'

ಯಾರಿಗೆ ಯಾವ ಪಾತ್ರ! ಚೀಟಿಯನ್ನು ಹರಿಯಬೇಕೆಂದುಕೊಂಡೆ. ಹರಿದರೆ ಕೈಯಲ್ಲಿ ಬೇರೇನೂ ಇರಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಹೊರಗಿನವರೊಬ್ಬರು ಅವಳಿಗೆ ಮಾತ್ರೆಯಲ್ಲದ ಏನನ್ನಾದರೂ ಕೊಟ್ಟಿದ್ದರು. ಮನೆಗೆ ಬಂದು ಬಾಗಿಲ ಕೆಳಗೆ ತಳ್ಳಿದೆ. ಇಪ್ಪತ್ತು ನಿಮಿಷದ ನಂತರ ನನ್ನ ಫೋನು ಮಿಣುಕಿತು: "ಕಿತನೇ ಬಜೇ ನಿಕಲನಾ ಹೈ?" ಹೊರಡುವ ಹೊತ್ತು ಕೇಳಿದ್ದಳು.

ಡಾಕ್ಟರಿಗೆ ಫೋನು ಮಾಡಿ ಭಾನುವಾರ ಹೊರಗೆ ಹೋಗುವ ವಿಷಯ ಹೇಳಿದೆ. ಪಾತ್ರ ಯಾವುದೆಂದು ಹೇಳಲಿಲ್ಲ. ಹೆಂಡತಿಗೆ ಹೇಳಿದೆ.

"ಪಿತೃಪಕ್ಷದಾಗ?" ಎಂದಳು. "ಹೊಸಾದೊಂದ ಕುಪ್ಪಸ ಸುದ್ದಾ ಹೊಲಿಸಂಗಿಲ್ಲ ನಾವು, ನೀವು ಹೆತ್ತ ಮಗಳನ್ನ ಹೆಣಾ ಮಾಡಿ ಮಲಗಸಾಕ ಹೊಂಟೀರೇನು?"

ಇದನ್ನು ಮರುದಿನ ಹೆದರುತ್ತಲೇ ಆಫೀಸಿನಲ್ಲಿ ಹೇಳಿದೆ. "ಹೊಸತು ಶುರು ಮಾಡ್ಬಾರ್ದು, ಸರಿ," ಎಂದರು ಅವರು. "ಇದು ಹೊಸತಲ್ಲ, ಸುಳ್ಳು. ಸುಳ್ಳಿಗೆ ಮುಹೂರ್ತ ಎಂಥದು?"

ಭಾನುವಾರ ಬೆಳಿಗ್ಗೆ ಮಗಳು ಕೋಣೆಯಿಂದ ಬಂದು ಶೂ ಹಾಕಿಕೊಂಡಳು. ಶೂ ಸಡಿಲವಾಗಿತ್ತು. ಹೆಂಡತಿ ಮೊಸರನ್ನದ ಡಬ್ಬಿ ನನ್ನ ಕೈಗೆ ಕೊಟ್ಟು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ, "ಹೋಗ್ರಿ. ಮನ್ಯಾಗಿದ್ದರೂ ಏನ್ ಜೀವಂತ ಅದಾಳ?" ಎಂದಳು. ಪಟ್ಟಿಯಲ್ಲಿದ್ದ ಯಾವುದೂ ಆಗಲಿಲ್ಲ. ಲಿಫ್ಟ್ ಖಾಲಿ. ಮೆಗಾಬ್ಲಾಕ್ ಬೇರೆ ಲೈನಿನಲ್ಲಿ. ಮಾವ್ಶಿ ನನಗೆಂದು ಕೊಟ್ಟಿದ್ದ ಸ್ಪಂಜಿನ ಖಡ್ಗದ ಚೀಲ ಕಂಡರೂ ಪೊಲೀಸ್ ಪೇದೆ ಆಕಳಿಸಿ ಬೇರೆ ಕಡೆ ನೋಡಿದ.

ಲಾನಿನಲ್ಲಿ ನನಗೂ ಕೆಲಸವಿತ್ತು. ಹೊಸಬರು ಮೊದಲು ಶತ್ರುಸೈನಿಕರಾಗಬೇಕು. ಸಾಯಬೇಕು, ಯಮಲೋಕದಲ್ಲಿ ನೂರು ಎಣಿಸಬೇಕು, ಮರಳಿ ಬಂದು ಸಾಯಬೇಕು. ಶತ್ರುಸೈನಿಕರಿಗೆ ಮಾತಿಲ್ಲ. "ನಿಮಗೆ ಬೇಕೆಂದೇ ಕೊಟ್ಟದ್ದು," ಎಂದರು ಮಾವ್ಶಿ, ನನ್ನ ತಲೆಗೆ ಕಪ್ಪು ಬಟ್ಟೆ ಬಿಗಿಯುತ್ತ. ಮಧ್ಯಾಹ್ನದೊಳಗೆ ನಾನು ಆರು ಸಲ ಸತ್ತಿದ್ದೆ, ಒಂಬತ್ತು ಸಲ ಸ್ಟ್ಯಾಚ್ಯೂ ಕೂಗಿದ್ದೆ: ಕೆಸರಿಗೆ, ಕಲ್ಲಿಗೆ, ವೈರಿಗೆ, ಹಾವಿನಂತೆ ಕಂಡ ಹಗ್ಗಕ್ಕೆ, ಅದೇ ಹಗ್ಗಕ್ಕೆ ಮತ್ತೊಮ್ಮೆ. ಬೇಟೆಗಾತಿಯಾಗಿದ್ದ ಉದ್ದನೆಯ ಹುಡುಗಿ, "ಅಂಕಲ್, ಹಮಾರಾ ಯುದ್ಧ್ ಹೈ ಯಾ ಟ್ರಾಫಿಕ್ ಸಿಗ್ನಲ್?" ಎಂದಳು.

ಮಗಳು ನೀಲಿ ಡ್ರಮ್ಮಿನ ಪಕ್ಕ ಚಾಪೆಯ ಮೇಲೆ ಬಿದ್ದಿದ್ದಳು. ಊಟದ ಬಿಡುವಿನಲ್ಲಿ ಎದ್ದು, ಮೊಸರನ್ನದಲ್ಲಿ ಅರ್ಧ ತಿಂದು, ಮತ್ತೆ ಹೋಗಿ ಮಲಗಿದಳು. ಎರಡು ಗಂಟೆಯ ಸುಮಾರಿಗೆ ಎರಡೂ ಹಳ್ಳಿಯವರು ಬಾವಿಯ ಬಳಿ ಸೇರಿದರು. ಹೆಣ ಯಾರದೆಂದು ಗೊತ್ತಾಗದೆ ನೀರು ಮುಟ್ಟುವಂತಿಲ್ಲ. ಮಾಟಗಾರ ಗಟ್ಟಿಯಾಗಿ ಕೇಳಿದ, "ಯೇ ಕಿಸ್‌ಕೀ ಹೈ?"

ಈ ಹಳ್ಳಿ ಆ ಹಳ್ಳಿಯನ್ನು ನೋಡಿತು.

"ಕಿಸ್‌ಕೀ ಹೈ ಯೇ?"

ನಾನು ಏಳನೆಯ ಜನ್ಮದಲ್ಲಿ, ಬಾಯಿಲ್ಲದ ಸೈನಿಕನಾಗಿ ಹತ್ತು ಹೆಜ್ಜೆ ದೂರ ನಿಂತಿದ್ದೆ. ಅವಳ ಒಂದು ಕೈ ಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಮುಖದ ಮೇಲೆ ಒಂದು ಇರುವೆ ನಡೆಯುತ್ತಿತ್ತು. ಅವಳು ಅದನ್ನು ಕೊಡವಲಿಲ್ಲ. ಎದೆ ಏರಿಳಿಯುವುದು ಕಾಣಲಿಲ್ಲ. ಖಾಲಿ ಬಿಟ್ಟಿದ್ದ ಆ ಸಾಲು ನನ್ನ ಕಣ್ಣೆದುರಿಗೆ ಚಾಪೆ ಹಾಸಿ ಮಲಗಿತ್ತು, ಸುತ್ತ ನಿಂತವರು ಯಾರದೆಂದು ಕೇಳುತ್ತಿದ್ದರು, ನನಗೆ ಉತ್ತರ ಹೇಳುವ ಹಕ್ಕಿರಲಿಲ್ಲ.

ಮೂರನೆಯ ಸಲ ಅವನು ಕೇಳುವ ಮೊದಲೇ "ಸ್ಟ್ಯಾಚ್ಯೂ!" ಎಂದು ಕಿರುಚಿದೆ.

ಎಲ್ಲರೂ ಕಲ್ಲಾದರು. ಎಲ್ಲರೂ ಕಲ್ಲಾದ್ದರಿಂದ ಅವಳು ಮಾತ್ರ ಕಲ್ಲೋ ಅಲ್ಲವೋ ತಿಳಿಯುವ ದಾರಿಯೂ ಹೋಯಿತು.

"ಕಾರಣ ಹೇಳಿ," ಎಂದರು ಮಾವ್ಶಿ.

"ಅವಳು... ಅವಳು ಉಸಿರಾಡ್ತಾ ಇಲ್ಲ ಕಣ್ರೀ."

ಗಾಳಿಯೂ ಇರಲಿಲ್ಲ. ಹೆಣ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿತು. "ಪಾಪಾ," ಎಂದಿತು, "ಮೈಂ ಮರೀ ಹುಯೀ ಹೂಂ. ಪ್ಲೀಸ್ ಡಿಸ್ಟರ್ಬ್ ಮತ್ ಕರೋ."

ಚಿಲಕ ಬಿಚ್ಚಿದ ದಿನದಿಂದ ಅವಳು ನನ್ನೊಡನೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು, ತಾನು ಸತ್ತಿದ್ದೇನೆ ಎಂಬುದು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಜನರೇಟರಿನ ಕೋಣೆಯ ಹಿಂದೆ ಹೋದೆ. ನೂರು ಎಣಿಸಲು ಆಗಲಿಲ್ಲ. ಹದಿನೇಳಕ್ಕೆ ಮಾವ್ಶಿ ಬಂದರು. ನಾನು ಅವರ ಮೇಲೆ ಹರಿಹಾಯ್ದೆ.

"ಇಷ್ಟು ಪಾತ್ರಗಳಿರೋವಾಗ ಅವಳಿಗೆ ಹೆಣದ ಪಾತ್ರಾನೇ ಬೇಕಿತ್ತಾ? ನಿಮ್ಮ ಮಗಳಾಗಿದ್ರೆ ಕೊಡ್ತಿದ್ರಾ? ನಿಮಗೇನು, ಆಟ!"

ಅವರು ಕೋಪಿಸಿಕೊಳ್ಳಲಿಲ್ಲ. ಗೋಡೆಗೊರಗಿ ಶೂವಿನ ಕೆಸರನ್ನು ಕಡ್ಡಿಯಿಂದ ಕೆರೆದರು.

"ಏಳು ತಿಂಗಳಿಂದ ಅವಳು ಮಾಡ್ತಾ ಇದ್ದದ್ದು ಅದನ್ನೇ," ಎಂದರು. "ಇಲ್ಲಿ ನಾಲ್ಕು ಗಂಟೆಗೆ ಮುಗೀತದೆ."

"ಮುಗೀದೇ ಇದ್ರೆ?"

ಆಗ ಮೊದಲ ಸಲ ಅವರ ಮುಖದಲ್ಲಿ ನನ್ನಂಥದೇ ಒಂದು ಗಾಬರಿ ಕಂಡೆ. "ಗೊತ್ತಿಲ್ಲ ಮಾರಾಯ್ರೆ," ಎಂದರು. "ನನಗೆ ಬೇರೆ ಯಾವುದೂ ತೋಚ್ಲಿಲ್ಲ."

ಅವರು ಬುದ್ಧಿವಂತರೋ ಹುಂಬರೋ ಎಂಬುದನ್ನು ನಾನು ಇವತ್ತಿಗೂ ತೀರ್ಮಾನಿಸಿಲ್ಲ. ಅದರಿಂದ ಮಗಳು ಗುಣವಾದಳು ಎಂದು ಬರೆಯಲು ನನ್ನ ಕಸುಬು ಬಿಡುವುದಿಲ್ಲ. ಮಾತ್ರೆಗಳಿದ್ದವು, ಡಾಕ್ಟರಿದ್ದರು, ಬಾಗಿಲಿನೊಡನೆ ಮಾತಾಡಿದ ತಾಯಿ ಇದ್ದಳು. ಆಮೇಲೂ ಅವಳು ಎಷ್ಟೋ ವಾರ ಬಾಗಿಲು ಹಾಕಿಕೊಂಡಿದ್ದಾಳೆ. ಈಗ ಬೇರೆ ಕಾಲೇಜಿಗೆ ಹೋಗುತ್ತಾಳೆ, ಎಲ್ಲ ದಿನವೂ ಅಲ್ಲ. ನಾನು ಈಗಲೂ ಫ್ಯಾನಿನ ಸದ್ದು ಕೇಳುತ್ತೇನೆ.

ನಾಲ್ಕು ಗಂಟೆಗೆ ಮಾವ್ಶಿ ಸ್ಟೀಲಿನ ತಟ್ಟೆ ಬಡಿದರು. ಆಟ ಮುಗಿದ ಮೇಲೆ ಅವರದೊಂದು ಪದ್ಧತಿ. ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರಾಗಿ ತಮ್ಮ ನಿಜವಾದ ಹೆಸರು, ಇಳಿಯುವ ಸ್ಟೇಷನ್ನು, ಹಿಡಿಯುವ ರೈಲು ಹೇಳಬೇಕು. ಪಾತ್ರವನ್ನು ಮೈಯಿಂದ ಇಳಿಸಲು ಅದಕ್ಕಿಂತ ಒಳ್ಳೆಯ ಮಂತ್ರ ಈ ಊರುಗಳಲ್ಲಿ ಇಲ್ಲ ಎನ್ನುತ್ತಿದ್ದರು. ರೈಲಿನ ಹೊತ್ತು ಹೇಳುತ್ತ ಯಾರೂ ಮಾಟಗಾರನಾಗಿರಲು ಸಾಧ್ಯವಿಲ್ಲ. ಕೊನೆಯವರು ಹೇಳುವ ತನಕ ಯಾರೂ ಹೊರಡುವಂತಿಲ್ಲ.

ಹೇಳುತ್ತ ಬಂದರು. ಠಾಕುರ್ಲಿ, ಐದು ಐದರ ಸ್ಲೋ. ಮುಂಬ್ರಾ. ಕಳವಾ. ನಾನೂ ಹೇಳಿದೆ. ಮಾವ್ಶಿ ತಮ್ಮ ಹೆಸರು ಹೇಳಿ, "ಡೊಂಬಿವಲಿ, ನಾನೂ ಐದು ಐದು" ಎಂದರು. ಕೊನೆಗೆ ಮಗಳು.

ಅವಳು ಶೂ ನೋಡುತ್ತ ನಿಂತಳು. ಒಂದು ನಿಮಿಷ. ನಾಲ್ಕು ನಿಮಿಷ. ನಾನು ಅವಳ ಬದಲು ಹೇಳಲು ಬಾಯಿ ತೆರೆದೆ. ಮಾವ್ಶಿ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ. ಸ್ಟೇಷನ್ನಿಗೆ ಹೋಗಿ ಐದು ಐದನ್ನು ಹಿಡಿಯುವ ಹೊತ್ತು ಮೀರಿತು. ಯಾರೂ ಗಡಿಯಾರ ನೋಡಲಿಲ್ಲ, ಅದು ಸುಲಭದ ಕೆಲಸವಲ್ಲ. ಈ ಜನ ರೈಲಿಗಾಗಿ ಹೆತ್ತವರನ್ನೂ ತಳ್ಳಿ ಓಡುವವರು. ಹುಡುಗರು ಒಬ್ಬೊಬ್ಬರಾಗಿ ಒದ್ದೆ ಹುಲ್ಲಿನ ಮೇಲೆ ಕೂತರು. ಮಾವ್ಶಿಯೂ ಕೂತರು. ಅವಳೊಬ್ಬಳೇ ನಿಂತಿದ್ದಳು. ನನಗೆ ಕೂಗಬೇಕೆನಿಸಿತು, ಹೇಳೇ, ಸುಳ್ಳಾದರೂ ಹೇಳು.

ಅರ್ಧ ಗಂಟೆಯ ಮೇಲೆ ಅವಳು ತನ್ನ ಹೆಸರು ಹೇಳಿದ್ದು ಪಕ್ಕದವರಿಗಷ್ಟೇ ಕೇಳಿಸಿತು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಕಾಮೋಠೆ. ಠಾಣೆ ಮೇ ಉತರೂಂಗೀ, ವಹಾಂ ಸೇ ಚೇಂಜ್." ಕೊನೆಗೆ, ಇದೂ ನಿಯಮವಲ್ಲವೇ ಎಂಬಂತೆ, "ಜೋ ಭೀ ಟ್ರೇನ್ ಮಿಲೇ." ಚಪ್ಪಾಳೆಯಿಲ್ಲ, ಶಹಬ್ಬಾಸಿಲ್ಲ. ಎಲ್ಲರೂ ಎದ್ದು ಹಿಂಭಾಗ ಕೊಡವಿಕೊಂಡು ರಿಕ್ಷಾ ಹುಡುಕಲು ಓಡಿದರು.

ಕಲ್ಯಾಣದ ಪ್ಲ್ಯಾಟ್‌ಫಾರ್ಮಿನಲ್ಲಿ ಮಾವ್ಶಿ ಮತ್ತು ಮಗಳು ಲೇಡೀಸ್ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ ನಿಂತರು. ಬರುತ್ತಿರುವುದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಎಂದು ಧ್ವನಿವರ್ಧಕ ಮೂರು ಭಾಷೆಯಲ್ಲಿ ಹೇಳಿತು. ನನಗೆ ನಂಬಿಕೆಯಾಗಲಿಲ್ಲ. "ಒಂದ್ಸಲ ಇಂಡಿಕೇಟರ್ ನೋಡ್ಕೊಂಡು ಬರ್ತೀನಿ" ಎಂದು ಮುಂದೆ ನಡೆದೆ. ಬೋರ್ಡಿನಲ್ಲಿ ಸ್ಲೋ ಎಂದೇ ಇತ್ತು. ಅದು ಈ ರೈಲಿನದೋ ಮುಂದಿನದೋ ಎಂದು ಮತ್ತೊಮ್ಮೆ ನೋಡಿದೆ. ಹಿಂದಿರುಗುವಷ್ಟರಲ್ಲಿ ರೈಲು ನಿಂತು, ತುಂಬಿ, ಚಲಿಸಿತ್ತು. ಓಡಿದೆ. ನನ್ನ ವಯಸ್ಸಿನವನು ಓಡುವಷ್ಟು.

ಮಾವ್ಶಿಗೆ ಫೋನು ಮಾಡಿದೆ. "ಮೇಡಂ, ನಾನು ಇಲ್ಲೇ ಉಳಿದೆ!"

"ಕಂಡಿತು. ಬಾಯಿ ತೆರೆದು ಬೋರ್ಡು ನೋಡ್ತಾ ನಿಂತಿದ್ರಿ."

"ನೀವು ಠಾಣೆವರೆಗೆ ಅವಳ ಜೊತೆ ಹೋಗ್ತೀರಿ ತಾನೆ?"

"ಇಲ್ಲ. ನಾನು ಡೊಂಬಿವಲಿ."

"ಮೇಡಂ, ದಯವಿಟ್ಟು. ಕೈ ಮುಗೀತೀನಿ."

"ಠಾಣೆಯಲ್ಲಿ ಇಳೀತೇನೆ ಅಂತ ಅಷ್ಟು ಜನರ ಎದುರು ಹೇಳಿದ್ದಾಳೆ," ಎಂದರು. ಅವರ ದನಿಯೂ ಸರಿಯಿರಲಿಲ್ಲ. "ಈಗ ನಾನು ಜೊತೆಗೆ ಹೋದ್ರೆ ಅದು ಸುಳ್ಳಾಗ್ತದೆ. ಇಡ್ತೇನೆ."

ಮಗಳಿಗೆ ಮಾಡಿದ ಫೋನು ಬಡಿದು ಬಡಿದು ನಿಂತಿತು. ಮುಂದಿನ ರೈಲಿಗೆ ಹದಿನಾಲ್ಕು ನಿಮಿಷ. ಆ ರೈಲಿನಲ್ಲಿ ಬಾಗಿಲ ಬಳಿ ನಿಂತು ಪ್ರತಿ ಸ್ಟೇಷನ್ನಿನ ಪ್ರತಿ ಬೆಂಚು ನೋಡಿದೆ. ಡೊಂಬಿವಲಿಯಲ್ಲಿ ಮಾವ್ಶಿ ಇನ್ನೂ ಪ್ಲ್ಯಾಟ್‌ಫಾರ್ಮಿನಲ್ಲೇ, ಕೊಡೆಚೀಲವನ್ನು ಎದೆಗೆ ಒತ್ತಿಕೊಂಡು, ರೈಲು ಹೋದ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ನನ್ನನ್ನು ನೋಡಲಿಲ್ಲ. ದಿವಾ ಬಂತು, ಮುಂಬ್ರಾ ಬಂತು. ಕಳವಾ ದಾಟಿ ಕಡಲ ಹಿನ್ನೀರಿನ ಖಾಡಿಯ ಸೇತುವೆ ಬಂದಾಗ ನಾನು ನೀರಿನ ಕಡೆ ನೋಡಲಿಲ್ಲ. ಎದುರಿಗಿದ್ದವನ ಅಂಗಿಯ ಗುಂಡಿ ಎಣಿಸಿದೆ. ಆರು ಇದ್ದವು. ಮತ್ತೆ ಎಣಿಸಿದೆ.

ಠಾಣೆಯಲ್ಲಿ ಅವಳು ಲೇಡೀಸ್ ಡಬ್ಬಿ ನಿಲ್ಲುವ ಕಡೆಯ ಬೆಂಚಿನ ತುದಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಕೂದಲಿನಲ್ಲಿ ಹುಲ್ಲಿನ ಎಸಳು. ಮುಖ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಕಹಾಂ ರಹ ಗಯೇ ಥೇ ಆಪ್?" ಎಂದಳು. "ಮಮ್ಮೀ ಕಾ ಫೋನ್ ಆಯಾ ಥಾ. ಮೈನೇ ಬೋಲ್ ದಿಯಾ, ಪಾಪಾ ಖೋ ಗಯೇ ಹೈಂ."

ಆ ದಿನ ಕೆಟ್ಟದ್ದು ಇಷ್ಟೇ: ಅವಳು ಸಿಕ್ಕಿದ ರೈಲಿನಲ್ಲಿ, ಹೇಳಿದ ಸ್ಟೇಷನ್ನಿಗೆ ಬಂದು ಇಳಿದಿದ್ದಳು, ಕಳೆದುಹೋದ ನಾನು ತಡವಾಗಿ ಬಂದೆ.